ಕಮಾನಿನ ಕೆಳಗಿನ ಹಲಗೆ

ಮಹಡಿಯ ಮೇಲೆ ದಡಾರೆಂದು ಸದ್ದಾದಾಗ ಕೋಕಿಲಾ ನಡುಮನೆಯಲ್ಲಿ ಪಟ್ಟದ ಗೊಂಬೆಗಳ ಧೂಳು ಒರೆಸುತ್ತಿದ್ದಳು. ಏನು ಬಿತ್ತೆಂದು ಅವಳಿಗೆ ನೋಡದೆಯೇ ಗೊತ್ತಾಯಿತು.

ಎನ್.ಆರ್. ಕಾಲೋನಿಯ ಆ ಹಳೆಯ ಮನೆಯ ಮೇಲೆ ಹೊಸದೊಂದು ರೂಮು ಏಳುತ್ತಿತ್ತು. ಕೆಳಗಿನ ಕಿಟಕಿಗಳಿಗಿದ್ದಂತೆ ಮೇಲಿನವಕ್ಕೂ ಇಟ್ಟಿಗೆಯ ಕಮಾನೇ ಬೇಕೆಂದು ಅವಳ ತಂದೆ, ರಿಟೈರ್ಡ್ ಮೇಷ್ಟ್ರು ಬದರೀನಾರಾಯಣರ ಹಟ. ಮೂವರು ಕಂಟ್ರಾಕ್ಟರುಗಳು "ಕಾಂಕ್ರೀಟ್ ಹಾಕ್ಸಿ ಸಾರ್, ಯಾವ ಕಾಲದಲ್ಲಿದೀರಾ?" ಎಂದು ನಕ್ಕು ಹೋದರು. ಒಪ್ಪಿದವನು ಚಾಮರಾಜಪೇಟೆಯ ಶರಣ್ ಒಬ್ಬನೇ. ಸಿವಿಲ್ ಡಿಪ್ಲೊಮಾ ಓದಿದ್ದರೂ ತಾನೇ ಕರಣೆ ಹಿಡಿದು ಕೂರುವ ಮನುಷ್ಯ.

ಕಮಾನು ಗಟ್ಟಿಯಾಗುವ ತನಕ ಅದರ ಕೆಳಗೆ ಹಲಗೆ, ಹಲಗೆಯ ಮೇಲೆ ಒದ್ದೆ ಮರಳಿನ ಗುಡ್ಡೆ ಆಸರೆಯಾಗಿರಬೇಕು. ಮೂರನೆಯ ಕಿಟಕಿಗೆ ಹಲಗೆ ಸಾಲದೆ, ದಸರಾ ಗೊಂಬೆ ಕೂರಿಸುವ ಮೆಟ್ಟಿಲಿನ ಹಲಗೆಯೊಂದನ್ನು ಶರಣ್ ಅವಳನ್ನೇ ಕೇಳಿ ಪಡೆದಿದ್ದ.

"ಹಬ್ಬದೊಳಗೆ ವಾಪಸ್ ಕೊಡ್ತೀರಾ?"

"ಕೊಡ್ದೇ ಇರೋಕಾಗುತ್ತಾ ಮೇಡಂ? ನಿಮ್ಮನೆ ರಾಜ-ರಾಣಿನ ನೆಲದ ಮೇಲೆ ಕೂರ್ಸೋ ಧೈರ್ಯ ನಂಗಿಲ್ಲ."

"ಮೇಡಂ ಅಲ್ಲ, ಕೋಕಿಲಾ."

"ಸರಿ, ಕೋಕಿಲಾ ಮೇಡಂ."

ಕಾಫಿ ಲೋಟದ ಅಂಚಿನ ಮೇಲಿಂದ ಅವನು ನೋಡಿದ ಆ ನೋಟಕ್ಕೆ, ತಾನು ಕೆಲಸಕ್ಕಿದ್ದ ಕಾಲೇಜು ಲೈಬ್ರರಿಯಲ್ಲಿ ಅವಳು ಮೂರು ದಿನ ಪುಸ್ತಕಗಳನ್ನು ತಪ್ಪು ಕಪಾಟಿನಲ್ಲಿಟ್ಟಳು.

ಮಳೆ ಹಿಡಿದು ಕೆಲಸ ತಡವಾಯಿತು. ಬೆಳಗಾದರೆ ಪಾಡ್ಯ, ಗೊಂಬೆ ಕೂರಿಸಬೇಕು. ಇದ್ದದ್ದು ಆರೇ ಹಲಗೆ. ಮೆಟ್ಟಿಲು ಬೆಸವೇ ಆಗಬೇಕು. ಅಮ್ಮ ಇದ್ದಾಗಿನಂತೆ ಏಳೇ ಇರಲೆಂಬ ಹಂಬಲ ಬೇರೆ. ಮೊದಲೆರಡು ಕಮಾನುಗಳು ಆಸರೆ ತೆಗೆದ ಮೇಲೂ ಜಗ್ಗದೆ ನಿಂತಿದ್ದನ್ನು ಅವಳು ನೋಡಿದ್ದಳು. ಇದಕ್ಕೇನು ಧಾಡಿ ಎಂದುಕೊಂಡು, ಕೆಲಸದವರು ಊಟಕ್ಕೆ ಹೋದಾಗ ಮರದ ಬೆಣೆ ತಟ್ಟಿ, ಮರಳು ಉದುರಿಸಿ, ಹಲಗೆ ಎಳೆದು ತಂದಿದ್ದಳು. ಕಮಾನು ನಿಂತಿತ್ತು. ಬರೀ ಅರ್ಧ ಗಂಟೆ.

"ನೆನ್ನೆ ಕಟ್ಟಿದ್ದು ಇವತ್ತು ಬಿತ್ತಲ್ರೀ! ಇದೇನಾ ನಿಮ್ಮ ಕೆಲಸ?" ಮೇಷ್ಟ್ರ ದನಿ ಬೀದಿಗೆಲ್ಲ ಕೇಳಿಸಿತು.

ಊಟ ಬಿಟ್ಟು ಓಡಿಬಂದ ಶರಣ್ ಇಟ್ಟಿಗೆ ರಾಶಿಯನ್ನು ಸರಿಸಿ ನೋಡಿದ. ಅಲ್ಲಿ ಹಲಗೆ ಇರಲಿಲ್ಲ. ತಲೆಯೆತ್ತಿ, ಬಾಗಿಲಲ್ಲಿ ನಿಂತಿದ್ದ ಕೋಕಿಲಾಳನ್ನು ನೋಡಿದ. ಅವಳ ಸೆರಗಿಗೆ ಒದ್ದೆ ಮರಳು ಮೆತ್ತಿಕೊಂಡಿತ್ತು. ಅವಳು ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು. ಆಗಲೇ ಬಾಯಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ, ಪುಣ್ಯಾತಗಿತ್ತಿ.

"ತಪ್ಪಾಯ್ತು ಮೇಷ್ಟ್ರೇ. ಮತ್ತೆ ಕಟ್ಕೊಡ್ತೀನಿ."

"ಬೇಡ. ನಾಳೆ ಬಂದು ನಿಮ್ಮ ಸಾಮಾನು ತಗೊಂಡ್ಹೋಗಿ."

ಮರುದಿನ ಬೆಳಿಗ್ಗೆ ಕೋಕಿಲಾ ಮೆಟ್ಟಿಲು ಜೋಡಿಸುತ್ತಿದ್ದಾಗ, ಶರಣ್ ಬುಟ್ಟಿ, ಕರಣೆ ಎತ್ತಿಕೊಂಡು ಮಹಡಿಯಿಂದಿಳಿದ. ಅಂಗಳದಲ್ಲಿ ಪಕ್ಕದ ಮನೆ ಕಲ್ಯಾಣಮ್ಮ ಮೇಷ್ಟ್ರಿಗೆ ಹೇಳುತ್ತಿದ್ದರು: "ಇವ್ನನ್ನೇ ನಮ್ಮ ತಮ್ಮನ ಮನೆಗೂ ಕರೀಬೇಕೂಂತಿದ್ದೆ. ಮೊದ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಇನ್ನು ಯಾರು ಕರೀತಾರೆ?"

ಶರಣ್ ತಲೆ ತಗ್ಗಿಸಿಕೊಂಡೇ ಗೇಟಿನತ್ತ ನಡೆದ. ಕೋಕಿಲಾಳಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಾರೆಯ ಕಲೆ ಇನ್ನೂ ಹೋಗಿರದ ಏಳನೆಯ ಹಲಗೆಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು.

"ಅಪ್ಪ, ಕಮಾನು ಬೀಳ್ಸಿದ್ದು ಅವ್ರಲ್ಲ. ನಾನು. ಮೆಟ್ಟಿಲಿಗೆ ಬೇಕೂಂತ ಇದನ್ನ ಎಳ್ಕೊಂಡೆ. ನೆನ್ನೆ ಹೇಳೋಕೆ ಭಯ ಆಯ್ತು."

ಮೇಷ್ಟ್ರು ಹಲಗೆಯ ಮೇಲಿನ ಗಾರೆಯ ಕಲೆ ಮುಟ್ಟಿ ನೋಡಿದರು. ಅವರು ಗೇಟಿನಾಚೆ ಹೋಗಿ, ಬೀದಿಯಲ್ಲೇ ನಿಂತು ಶರಣ್‌ನ ಕೈ ಹಿಡಿದರು. "ಬೈದಿದ್ದು ಬೀದಿಗೆಲ್ಲ ಕೇಳಿಸ್ತು. ಕ್ಷಮಿಸಿ ಅನ್ನೋದೂ ಕೇಳಿಸ್ಲಿ."

ಶರಣ್ ಮತ್ತೆ ಕಟ್ಟಿದ ಕಮಾನಿನ ಕೆಳಗೆ ಏಳನೆಯ ಹಲಗೆ ಸೇರಿತು. ಆ ವರ್ಷ ಮನೆಯಲ್ಲಿ ಐದೇ ಮೆಟ್ಟಿಲು. ಗೊಂಬೆಗಳು ಒತ್ತೊತ್ತಾಗಿ ಕೂತವು. ಅರಿಸಿನ-ಕುಂಕುಮಕ್ಕೆ ಬಂದವರೆಲ್ಲ ಕೇಳಿದರು, "ಯಾಕಮ್ಮಾ ಈ ಸಲ ಐದೇ?" ಪ್ರತಿ ಸಲವೂ ಕೋಕಿಲಾ ಕಿವಿ ಕೆಂಪಾಗಿಸಿಕೊಂಡು ಅದನ್ನೇ ಹೇಳಿದಳು: "ಶರಣ್ ಕಟ್ಟಿದ್ದ ಕಮಾನು ನಾನು ಬೀಳಿಸ್ದೆ. ಹಲಗೆ ಮೇಲಿದೆ."

ವಿಜಯದಶಮಿಯಂದು ಶರಣ್ ಅವಳನ್ನು ಮಹಡಿಗೆ ಕರೆದ. ಸುತ್ತಿಗೆಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ.

"ಅವತ್ತು ನಿಮಗೆ ಗೊತ್ತಾಗಿತ್ತು. ಯಾಕೆ ಹೇಳ್ಲಿಲ್ಲ?" ಎಂದಳು, ನೆಲ ನೋಡುತ್ತ.

"ನಿಮ್ಮ ಮುಖ ನೋಡಿ ಬಾಯಿ ಬರ್ಲಿಲ್ಲ."

"ನಾನು ಸುಮ್ನಿದ್ದಿದ್ದಕ್ಕೆ ಬೇಜಾರಾಗ್ಲಿಲ್ವಾ?"

"ತುಂಬಾ ಆಯ್ತು. ಕೆಲಸ ಹೋಗಿದ್ದಕ್ಕಿಂತ ಜಾಸ್ತಿ."

"ನಿಮ್ಮನ್ನ ನೋಡೋಕೆ ಇನ್ನೂ ನಾಚಿಕೆ ಆಗುತ್ತೆ."

"ಹಾಗಾದ್ರೆ ಕಮಾನು ನೋಡಿ." ಸುತ್ತಿಗೆಯನ್ನು ಅವಳ ಕೈಗಿತ್ತ. "ಬೆಣೆ ನೀವೇ ತೆಗೀರಿ."

"ಮತ್ತೆ ಬಿದ್ರೆ?"

"ಕೆಳಗೆ ನಾನೇ ನಿಂತಿರ್ತೀನಿ."

ಅವಳು ಬೆಣೆ ತಟ್ಟಿದಳು. ಹಲಗೆ ಇಳಿಯಿತು. ಮರಳು ಅವನ ತಲೆಯ ಮೇಲೆ ಸುರಿಯಿತು. ಕಮಾನು ನಿಂತಿತು. ಅವಳು ಸೆರಗಿನಿಂದ ಅವನ ಕೂದಲಿನ ಮರಳು ಒರೆಸಿದಳು. ಅವನು ಆ ಸೆರಗಿನ ತುದಿ ಹಿಡಿದುಕೊಂಡ.

"ಕೋಕಿಲಾ..." ಮೇಡಂ ಅನ್ನಲಿಲ್ಲ. "ನೀವಂದ್ರೆ ನಂಗಿಷ್ಟ. ನಮ್ಮ ಜಾತಿ ಬೇರೆ, ಮೇಷ್ಟ್ರು ಏನಂತಾರೋ ಗೊತ್ತಿಲ್ಲ. ಆದ್ರೂ ಹೋಗಿ ಕೇಳ್ಲಾ?"

ಅವಳು ಆಗ ಅವನ ಮುಖ ನೋಡಿದಳು.

"ಬೇಡ. ಈ ಸಲ ಮೊದ್ಲು ನಾನೇ ಹೇಳ್ತೀನಿ."

ಸೆರಗಿನ ಮರಳನ್ನು ಕೊಡವದೆ ಕೆಳಗಿಳಿದಳು.