ಪರದೆ ಕಿತ್ತು ಎರೆದ ಗಂಟೆ

ಬಹಳ ಹಿಂದೆ, ಬೆಟ್ಟಗಳಿಗೂ ಕಿವಿಯಿದ್ದ ಕಾಲದಲ್ಲಿ, ನಾದಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಗಂಟೆ ಎರೆಯುವ ಮನೆತನಗಳು ಎರಡೇ. ಮೇಲಿನ ಕೇರಿಯ ನೀಲಾಂಬೆಯ ಗಂಟೆ ಎಂದೂ ಸೀಳುತ್ತಿರಲಿಲ್ಲ, ಆದರೆ ಅದರ ದನಿ ಅಂಗಳ ದಾಟುತ್ತಿರಲಿಲ್ಲ. ಕೆಳಗಿನ ಕೇರಿಯ ಬೊಪ್ಪಣ್ಣನ ಗಂಟೆ ಊರಾಚೆಗೂ ಕೇಳುತ್ತಿತ್ತು, ಆದರೆ ಬೇಗ ಸೀಳುತ್ತಿತ್ತು. ಗುಟ್ಟು ಹೊರಬೀಳದಂತೆ ಇಬ್ಬರೂ ಕುಲುಮೆಗೆ ದಪ್ಪ ಪರದೆ ಕಟ್ಟಿಕೊಂಡಿದ್ದರು. ಎದುರು ಸಿಕ್ಕಾಗ ಮುಖ ಸಿಂಡರಿಸುವುದನ್ನು ಮಾತ್ರ ಇಬ್ಬರೂ ಬಯಲಲ್ಲೇ ಮಾಡುತ್ತಿದ್ದರು!

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಹೊಗೆಯ ಹುಲಿಯನ್ನೇರಿ ಬಂದ. ಹುಲಿಯ ಉಸಿರು ತಾಕಿದವರೆಲ್ಲ ಕಲ್ಲಾದರು. ನೀಲಾಂಬೆಯ ತಮ್ಮ ಕೆಂಚರಸ ಬಾವಿಕಟ್ಟೆಯ ಮೇಲೆ ಕೊಡ ಹಿಡಿದು ನಿಂತಂತೆಯೇ ಕಲ್ಲಾದ. ಹುಣ್ಣಿಮೆಯೊಳಗೆ ಜೀವ ಬಾರದಿದ್ದರೆ ಆ ಕಲ್ಲುಗಳೆಲ್ಲ ಪುಡಿ ಪುಡಿ.

"ಸುತ್ತಲಿನ ಮೂರು ಬೆಟ್ಟಕ್ಕೂ ಕೇಳುವ ಗಂಟೆಗೆ ಮಾತ್ರ ಹುಲಿ ಕರಗುತ್ತದೆ, ಅದು ಕರಗಿದರೆ ಕಲ್ಲಾದವರಿಗೆ ಜೀವ ಬರುತ್ತದೆ," ಎಂದಳು ರಾಣಿ. "ನೀಲಾಂಬೆ, ಅಚ್ಚು ನಿನ್ನದು. ಬೊಪ್ಪಣ್ಣ, ಲೋಹ ನಿನ್ನದು. ಸೇರಿ ಎರೆಯಿರಿ."

ಸೇರಿದ್ದೇನೋ ನಿಜ, ನಡುವೆ ಪರದೆ ಕಟ್ಟಿಕೊಂಡು! ಒಡೆದ ಅಚ್ಚಿನ ಚೂರು ನೋಡಿ ಬೊಪ್ಪಣ್ಣ ಗುಟ್ಟು ಕದ್ದಾನೆಂದು ನೀಲಾಂಬೆ ಬರೀ ಕೆರೆಮಣ್ಣು ಬಳಸಿದಳು. ಮಿಕ್ಕ ಲೋಹ ನೋಡಿ ಕದ್ದಾಳೆಂದು ಬೊಪ್ಪಣ್ಣ ತಾಮ್ರಕ್ಕೆ ತವರವನ್ನು ಮನಬಂದಂತೆ ಹಾಕಿದ. ಬಾರಿಸಿದರೆ ಗಂಟೆ ಒಡಕು ಮಡಕೆಯಂತೆ ಲೊಟ್ಟೆಂದಿತು. ಹುಲಿ ಕೋಟೆಬಾಗಿಲಿಗೆ ಬಂತು.

ಎರಡನೆಯ ಸಲ ಇಬ್ಬರೂ ಅರ್ಧರ್ಧ ಗುಟ್ಟು ಬಳಸಿದರು. ಗಂಟೆಯ ದನಿ ಒಂದು ಬೆಟ್ಟ ಮುಟ್ಟಿತು, ಅಷ್ಟರಲ್ಲೇ ಗಂಟೆ ಸೀಳಿತು. ಹುಲಿ ಸಂತೆಬೀದಿಗೆ ಬಂತು.

"ಪರದೆ ಗಟ್ಟಿಯಾಗಿ ಕಟ್ಟಿಕೊಳ್ಳಿ. ಅಷ್ಟರಲ್ಲಿ ನಾನು ಊರು ನುಂಗುತ್ತೇನೆ," ಎಂದು ಧೂಮಾಕ್ಷ ಗಹಗಹಿಸಿ ನಕ್ಕ.

ನೀಲಾಂಬೆ ಬಾವಿಕಟ್ಟೆಗೆ ಓಡಿದಳು. ಹುಣ್ಣಿಮೆ ಹತ್ತಿರವಾಗಿ ತಮ್ಮನ ಕಿವಿಯಿಂದ ಚೂರೊಂದು ಉದುರಿತ್ತು. ಹಿಂದಿರುಗಿದವಳೇ ಪರದೆ ಕಿತ್ತೆಸೆದಳು.

"ಬೊಪ್ಪಣ್ಣ, ಬನ್ನಿ, ನೀವೇ ಕಲಸಿ. ಹುತ್ತದ ಮಣ್ಣು, ಮೇಕೆಯ ಕೂದಲು. ಅಚ್ಚು ನೆರಳಲ್ಲೇ ಒಣಗಬೇಕು."

"ಹುಚ್ಚೇನೇ ನಿನಗೆ? ನಾಳೆ ನನ್ನ ಗಂಟೆಯೂ ಸೀಳದಿದ್ದರೆ ನಿನ್ನದನ್ನು ಯಾರು ಕೇಳುತ್ತಾರೆ?"

"ತಮ್ಮನೇ ಇಲ್ಲವಾದರೆ ಗುಟ್ಟು ಕಟ್ಟಿಕೊಂಡು ಏನು ಮಾಡಲಿ?"

ಬೊಪ್ಪಣ್ಣನ ಕಣ್ಣು ತುಂಬಿತು. "ತಾಮ್ರ ಕರಗಿ ಉರಿ ಹಸಿರಾದ ಮೇಲೆಯೇ ತವರ ಹಾಕಬೇಕು, ತಂಗೀ. ಇದನ್ನು ನನ್ನ ಅಳಿಯನಿಗೂ ಹೇಳಿಲ್ಲ."

ಮೂರನೆಯ ಗಂಟೆ ಮೊಳಗಿತು. ಮೂರು ಬೆಟ್ಟಗಳೂ ಓಗೊಟ್ಟವು. ಹುಲಿ ಕರಗಿತು, ಧೂಮಾಕ್ಷ ದೊಪ್ಪನೆ ಬಚ್ಚಲಗುಂಡಿಗೆ ಬಿದ್ದ, ಬಿದ್ದ ಏಟಿಗೆ ಕಲಿತ ಮಂತ್ರವೆಲ್ಲ ಮರೆತ. ಕಲ್ಲುಗಳು ಕಣ್ಣು ಬಿಟ್ಟವು.

ಕೆಂಚರಸ ಹರಿದ ಕಿವಿ ಸವರಿಕೊಂಡು ಕೇಳಿದ, "ಅಕ್ಕಾ, ಎಂಥಾ ದನಿ! ಯಾರ ಗಂಟೆ ಇದು?"

"ನನ್ನದು" ಎನ್ನಲು ಇಬ್ಬರೂ ಒಟ್ಟಿಗೇ ಬಾಯಿ ತೆರೆದರು, ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು.

"ನಮ್ಮದು ಕಣೋ," ಎಂದಳು ನೀಲಾಂಬೆ.

ಆಮೇಲೂ ಎರಡು ಕೇರಿಗಳು ಪೈಪೋಟಿಯಲ್ಲೇ ಗಂಟೆ ಎರೆದವು, ಪರದೆಯಿಲ್ಲದೆ. ಊರೆಲ್ಲ ಸುಖವಾಗಿತ್ತು. ಆ ಪರದೆಯನ್ನು ಬೊಪ್ಪಣ್ಣ ರುಮಾಲು ಮಾಡಿ ಸುತ್ತಿಕೊಂಡು ಬದುಕಿರುವವರೆಗೂ ಮೆರೆದ.