ಕೆನ್ನೆ ತುಂಬಿದ ಫೋಟೋ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ದೆಹಲಿಯ ಹೌಜ್ ಖಾಸ್ ಕಡೆಯ ಠಾಣೆಗೆ ಇಬ್ಬರು ದೂರು ಹಿಡಿದು ಬಂದರು. ಬಾಗಿಲಲ್ಲಿದ್ದ ಪೇದೆ ಅವರ ಮಾತಿನ ಧಾಟಿ ಕೇಳಿದವನೇ ನೇರ ಇನ್‌ಸ್ಪೆಕ್ಟರ್ ಹರ್ಷಿಣಿಯ ಕೋಣೆಗೆ ಕಳಿಸಿದ. ಹರ್ಷಿಣಿ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದ ಕನ್ನಡದ ಹುಡುಗಿ. ತಮಿಳರಿರಲಿ ತೆಲುಗರಿರಲಿ, ದಕ್ಷಿಣದಿಂದ ಯಾರು ಬಂದರೂ ಠಾಣೆಯವರ ಪಾಲಿಗೆ ಅವಳ ನೆಂಟರೇ. ಈ ಸಲ ಪುಣ್ಯಕ್ಕೆ ಕನ್ನಡದವರೇ ಬಂದಿದ್ದರು.

ಗಂಡಸಿನ ಹೆಸರು ಸಂದೀಪ್, ಮದುವೆ ಫೋಟೋ ತೆಗೆಯುವ ಸ್ಟುಡಿಯೋದ ಮಾಲೀಕ. ಬೀರುವಿನಲ್ಲಿದ್ದ ಹಾರ್ಡ್ ಡಿಸ್ಕ್ ಕಾಣೆಯಾಗಿದೆ, ಎರಡು ವರ್ಷದ ಮದುವೆಗಳೆಲ್ಲ ಅದರಲ್ಲಿವೆ, ಎಫ್‌ಐಆರ್ ಆಗಲೇಬೇಕು ಎಂದು ಪಟ್ಟು ಹಿಡಿದ. ಜೊತೆಗೆ ಬಂದ ಸುಜಾತಾ ಮುನಿರ್ಕಾದಲ್ಲಿ ಉಡುಪಿ ಹೋಟೆಲ್ ನಡೆಸುವವರು.

"ನನಗೆ ಡಿಸ್ಕು ಗಿಸ್ಕು ಗೊತ್ತಿಲ್ಲ ಮೇಡಮ್. ನಮ್ಮವರದ್ದೊಂದು ಫೋಟೋ ಬೇಕು, ಅಷ್ಟೇ. ಭಾನುವಾರ ವರ್ಷಾಂತಿಕ."

"ಬೇರೆ ಫೋಟೋ ಇಲ್ವಾ?"

"ಕಾಯಿಲೆ ಬಿದ್ದ ಮೇಲೆ ಇವರು ಒಬ್ಬರ ಮೊಬೈಲನ್ನೂ ಎದುರಿಗೆ ಬಿಡಲಿಲ್ಲ. ಮಗಳು ಪ್ರಜ್ಞಾಳ ಧಾರೆ ಎರೆಯುವಾಗ ಮಾತ್ರ ಕ್ಯಾಮರಾದ ಮುಂದೆ ಕೂತರು. ಆಲ್ಬಮಿನಲ್ಲಿ ಕೆನ್ನೆ ತುಂಬಿಸಿದ್ದಾರೆ. ಅದು ಇವರಲ್ಲ. ನಾನು ಎಂಟು ತಿಂಗಳು ಗಂಜಿ ಕುಡಿಸಿದ ಮುಖ ಅದಲ್ಲ."

ತಿದ್ದದ ಫೋಟೋ ಕೊಡಿ ಎಂದು ಅವರು ಹಿಂದಿನ ವಾರ ಸ್ಟುಡಿಯೋಕ್ಕೆ ಹೋಗಿದ್ದರು. ಅಲ್ಲಿ ಫೋಟೋ ತಿದ್ದುವ ಅಭಿಷೇಕ್, ಸೋಮವಾರ ಬನ್ನಿ ಆಂಟಿ ಎಂದಿದ್ದ. ಸೋಮವಾರ ಹೋದರೆ ಡಿಸ್ಕೇ ಇಲ್ಲ.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಹರ್ಷಿಣಿ ಹೆಡ್ ಕಾನ್‌ಸ್ಟೆಬಲ್ ಧರಮ್‌ವೀರ್‌ನನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಹೋಗಿ, ಅಕ್ಕಪಕ್ಕದ ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ಕೂರಿಸಿ ಪಂಚನಾಮೆ ಮಾಡಿದಳು. ಬಾಗಿಲ ಬೀಗ ಮುರಿದಿಲ್ಲ. ಅದೇ ಬೀರುವಿನಲ್ಲಿ ಎರಡು ಕ್ಯಾಮರಾ, ಮೂರು ಲೆನ್ಸ್ ಇಟ್ಟಲ್ಲೇ ಇದ್ದವು.

"ಮೇಡಮ್ ಜೀ, ಒಡವೆ ಬಿಟ್ಟು ಡಬ್ಬಿ ಹೊತ್ಕೊಂಡು ಹೋಗೋ ಕಳ್ಳನ್ನ ನಾನಂತೂ ನೋಡಿಲ್ಲ," ಎಂದ ಧರಮ್‌ವೀರ್.

ಹರ್ಷಿಣಿ ಸಂದೀಪನ ಕಡೆ ತಿರುಗಿದಳು. "ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಅಭಿಷೇಕ್ ಹತ್ರ."

"ಫೋಟೋಗಳಿಗೆ ಇನ್ನೊಂದು ಪ್ರತಿ?"

ಸಂದೀಪ್ ತಲೆ ಕೆರೆದುಕೊಂಡ. ಸೀಸನ್ ಮುಗಿದ ಮೇಲೆ ಮಾಡೋಣ ಎಂದುಕೊಂಡಿದ್ದನಂತೆ. ಕ್ಯಾಮರಾದ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಹಾಕಿಯಾಗಿತ್ತು. ಕೆಲಸದ ಕ್ರಮವನ್ನು ಮಾತ್ರ ಹೆಮ್ಮೆಯಿಂದ ವಿವರಿಸಿದ. ಆಲ್ಬಮಿಗೆ ಯಾವ ಫೋಟೋ ಬೇಕೆಂದು ಗಿರಾಕಿಗಳು ನಂಬರ್ ಹೇಳಿ ಆರಿಸುತ್ತಾರೆ. ಆ ನಂಬರ್ ತಪ್ಪಬಾರದೆಂದು ತಿದ್ದಿದ ಫೋಟೋಕ್ಕೂ ಅದೇ ಹೆಸರು. ಆದರೆ ಅದು ಹೋಗುವುದು ಬೇರೆ ಫೋಲ್ಡರಿಗೆ, ಒರಿಜಿನಲ್ ಫೋಲ್ಡರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಏನಾಗುತ್ತದೆಂದು ಹರ್ಷಿಣಿ ಕೇಳಲಿಲ್ಲ. ಆಗ ಅದು ಅವಳಿಗೆ ಹೊಳೆಯಲೂ ಇಲ್ಲ.

ಎದುರಿನ ಔಷಧಿ ಅಂಗಡಿಯ ಸಿಸಿಟಿವಿಯಲ್ಲಿ, ರಜೆಯ ದಿನವಾದ ಭಾನುವಾರ ಮಧ್ಯಾಹ್ನ ಅಭಿಷೇಕ್ ಬೀಗ ತೆಗೆದು ಒಳಗೆ ಹೋಗಿ ಚೀಲ ಹೆಗಲಿಗೇರಿಸಿ ಹೊರಬಂದದ್ದು ಕಂಡಿತು. ಸಂಜೆ ನಾಲ್ಕಕ್ಕೆ ಅವನನ್ನು ಠಾಣೆಗೆ ಕರೆಸಿದರು. ದೆಹಲಿಯಲ್ಲೇ ಹುಟ್ಟಿ ಬೆಳೆದ, ಕನ್ನಡದ ನಡುವೆ ಹಿಂದಿ ನುಸುಳುವ, ಮೂವತ್ತರ ಆಸುಪಾಸಿನ ಗಂಡಸು. ಕೂತವನು ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಭಾನುವಾರ ಸ್ಟುಡಿಯೋಕ್ಕೆ ಯಾಕೆ ಹೋದೆ?"

"ಬಸ್, ಹಾಗೇ."

"ಚೀಲದಲ್ಲಿ ಏನಿತ್ತು?"

ಅಭಿಷೇಕ್ ಕಿಟಕಿಯ ಕಡೆ ನೋಡಿದ.

"ಡಿಸ್ಕ್ ಎಲ್ಲಿ ಅಭಿಷೇಕ್?"

"ಮನೇಲಿ ಮ್ಯಾಮ್. ಟ್ರಂಕ್‌ನಲ್ಲಿ. ಬೇರೆಯವರ ಮದುವೆನೂ ಅದರಲ್ಲಿದೆ ನಾ, ಎಸೆಯೋಕೆ ಆಗ್ಲಿಲ್ಲ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಕಳ್ಳ ಸಿಕ್ಕರೆ ಯಾವ ಪೊಲೀಸರಿಗೆ ಬೇಡ? ಪಂಚರ ಎದುರಿಗೆ ಡಿಸ್ಕ್ ವಶವಾಯಿತು. ಎಫ್‌ಐಆರ್‌ಗೆ, ನೌಕರನೇ ಮಾಲೀಕನ ವಸ್ತು ಕದ್ದರೆ ಹಾಕುವ ಕಲಂ ಸೇರಿತು. ಅಭಿಷೇಕನ ಬಂಧನವೂ ಆಯಿತು. ಹರ್ಷಿಣಿ ಅಂದೇ ಸುಜಾತಾಗೆ ಫೋನ್ ಮಾಡಿ, ಡಿಸ್ಕ್ ಸಿಕ್ಕಿದೆ, ನಾಳೆ ಬನ್ನಿ ಅಮ್ಮ ಎಂದುಬಿಟ್ಟಳು. ಆತುರಪಟ್ಟೆ ಎಂದು ಮರುದಿನ ತನ್ನನ್ನು ತಾನೇ ಬೈದುಕೊಂಡಳು.

ಬುಧವಾರ ಬೆಳಿಗ್ಗೆ ಸೈಬರ್ ಸೆಲ್‌ನವರು ಡಿಸ್ಕ್ ತೆರೆದರು. ಪ್ರಜ್ಞಾಳ ಮದುವೆಯ ಒರಿಜಿನಲ್ ಫೋಲ್ಡರಿನಲ್ಲಿ ಸುಜಾತಾರ ಗಂಡ ಜಯಾನಂದರ ಹತ್ತೊಂಬತ್ತು ಫೋಟೋಗಳಿದ್ದವು. ಹತ್ತೊಂಬತ್ತರಲ್ಲೂ ಗುಂಡಗೆ ತುಂಬಿದ ಕೆನ್ನೆ.

"ತಿದ್ದಿ ಸೇವ್ ಮಾಡುವಾಗ ಇದೇ ಫೋಲ್ಡರಿಗೆ ಕಳಿಸಿದ್ದಾನೆ," ಎಂದಳು ತಜ್ಞೆ ತನ್ವಿ. "ಹೆಸರು ಒಂದೇ ಇದೆ, ಬದಲಿಸಲಾ ಅಂತ ಕಂಪ್ಯೂಟರ್ ಕೇಳಿರುತ್ತೆ. ಎಲ್ಲಕ್ಕೂ ಹೂಂ ಅಂದಿದ್ದಾನೆ."

"ವಾಪಸ್ ತೆಗೆಯೋಕಾಗಲ್ವಾ?"

"ಬರೀ ಅಳಿಸಿದ್ದರೆ ಹುಡುಕಬಹುದಿತ್ತು. ಇದು ಅದರ ಮೇಲೇ ಇನ್ನೊಂದನ್ನ ಬರೆದದ್ದು. ಅಡಿಯಲ್ಲಿ ಏನೂ ಉಳಿದಿಲ್ಲ ಮ್ಯಾಮ್."

ಹರ್ಷಿಣಿ ಅಭಿಷೇಕನ ಎದುರು ಹೋಗಿ ಕೂತಳು.

"ಯಾವಾಗ ಗೊತ್ತಾಯ್ತು?"

"ಆಂಟಿ ಬಂದು ಕೇಳಿದಾಗ ತೆರೆದು ನೋಡ್ದೆ. ತಬ್ ಗೊತ್ತಾಯ್ತು."

"ತಪ್ಪಾಯ್ತು ಅಂದಿದ್ರೆ ಮುಗೀತಿತ್ತಲ್ಲ. ಕದಿಯೋದ್ಯಾಕೆ?"

ಅಭಿಷೇಕ್ ಉಗುರು ಕೆರೆಯುತ್ತ ಕೂತ.

"ಕೆನ್ನೆ ತುಂಬಿಸೋಕೆ ಯಾರು ಹೇಳಿದ್ದು?"

"ಯಾರೂ ಇಲ್ಲ. ನಾನೇ ಮಾಡ್ದೆ." ಅದೊಂದನ್ನು ಮಾತ್ರ ಅವನು ತಟ್ಟನೆ ಹೇಳಿದ.

ಮಧ್ಯಾಹ್ನ ಸುಜಾತಾ ಬಂದರು. ಚೀಲದಲ್ಲಿ ಹೊಸ ಫ್ರೇಮ್ ಇತ್ತು, ಬರುವ ದಾರಿಯಲ್ಲೇ ಕೊಂಡಿದ್ದರು. ಹರ್ಷಿಣಿ ಅದನ್ನು ಒಮ್ಮೆ ನೋಡಿದಳು. ಸುತ್ತುಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುಜಾತಾ ಪರದೆಯ ಹತ್ತಿರ ಬಾಗಿ, ಎರಡು ಹೆಬ್ಬೆರಳಿನಿಂದ ಗಂಡನ ಎರಡೂ ಕೆನ್ನೆಗಳನ್ನು ಮುಚ್ಚಿ ಹಿಡಿದರು.

"ಕಣ್ಣು ಇವರದ್ದೇ," ಎಂದರು. ಆಮೇಲೆ ಕೈ ಇಳಿಬಿಟ್ಟರು. "ಕೆನ್ನೆ ಸ್ವಲ್ಪ ತುಂಬಿಸು ಮಗಾ ಅಂತ ಅವನಿಗೆ ಹೇಳಿದ್ದು ನಾನೇ ಮೇಡಮ್."

ಹರ್ಷಿಣಿ ಕುರ್ಚಿ ಎಳೆದು ಅವರನ್ನು ಕೂರಿಸಿದಳು.

"ಆಲ್ಬಮ್ ಮಾಡುವಾಗ ಇವರು ಆಸ್ಪತ್ರೆಯಲ್ಲಿದ್ದರು. ಮಗಳು ಜನ್ಮಪೂರ್ತಿ ನೋಡುವ ಆಲ್ಬಮು, ಅಪ್ಪ ಚೆಂದ ಕಾಣಲಿ ಅಂದೆ. ನಿಜವಾಗಿ ನನಗೇ ಆ ಮುಖ ನೋಡ್ಲಿಕ್ಕೆ ಆಗ್ತಿರಲಿಲ್ಲ. ಈಗ ಅದೇ ಬೇಕು ಅಂತ ಜೀವ ಬಡ್ಕೊಳ್ತದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅವನನ್ನು ಬಿಟ್ಟುಬಿಡಿ."

"ದೂರು ಸಂದೀಪ್ ಅವರದ್ದು ಅಮ್ಮ. ವಾಪಸ್ ತಗೊಳ್ಳಿ ಅಂತ ಕೇಳಿ ನೋಡ್ದೆ, ಒಪ್ಪಲಿಲ್ಲ. ಇನ್ನು ಕೋರ್ಟ್ ಹೇಳ್ಬೇಕು. ನನ್ನ ಕೈಲಿ ಏನೂ ಇಲ್ಲ."

ಸುಜಾತಾ ಫ್ರೇಮನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋದರು. ಹರ್ಷಿಣಿ ಕೂಗಿ ಕರೆಯಲಿಲ್ಲ.

ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಅವಳು ಲಾಕಪ್ಪಿನ ಬಳಿ ಹೋದಳು. ಅಭಿಷೇಕ್ ಎದ್ದು ನಿಂತ.

"ಆಂಟಿಗೆ ಹೇಳಿದ್ರಾ?"

"ಹೇಳ್ದೆ."

"ಬೈದ್ರಾ ನನ್ನನ್ನ?"

"ಇಲ್ಲ. ತುಂಬಿಸು ಅಂದಿದ್ದು ತಾನೇ ಅಂತ ಅವರೇ ಹೇಳಿದ್ರು."

ಬಂಧಿಸಿದಾಗಲೂ ಅಳದಿದ್ದ ಅಭಿಷೇಕನ ಮುಖ ಈಗ ಕುಸಿಯಿತು. ಸರಳು ಹಿಡಿದುಕೊಂಡೇ ನೆಲಕ್ಕೆ ಕೂತ.

"ಕಳ್ಳ ಒಯ್ದ ಅಂದ್ರೆ ಆಂಟಿ ಕಳ್ಳನ್ನ ಬೈತಿದ್ರು. ತಮ್ಮನ್ನ ತಾವೇ ಬೈಕೊಳ್ತಿರಲಿಲ್ಲ. ಅಷ್ಟಕ್ಕೇ ಕದ್ದೆ ಮ್ಯಾಮ್. ಅದೂ ದಂಡ ಆಯ್ತು."

ಧರಮ್‌ವೀರ್ ಬೀಗ ತೆಗೆದ. ವ್ಯಾನು ಹೊರಗೆ ಕಾಯುತ್ತಿತ್ತು.