ಪಿಂಕಿಗೆ ಹೋಳಿಗೆ

ಚಾಟಿಂಗ್ ಬಗ್ಗೆ ನನಗೆ ಅಷ್ಟಾಗಿ ತಿಳಿಯದು. ತಿಳಿಯದ ವಿಷಯದ ಕತೆ ಹೇಳಲು ಹೊರಟಿದ್ದೇನೆ, ಕ್ಷಮಿಸಿ ಮಕ್ಕಳೇ. ಹೇಳದೇ ಇರಲು ಮನಸ್ಸು ಒಪ್ಪುತ್ತಿಲ್ಲ.

"ಅಜ್ಜೀ, ನಾಳೆ ಹೋಳಿಗೆ ಮಾಡಿಕೊಡ್ತೀಯಾ? ಒಬ್ಬರಿಗೆ ಸಾಕು," ಎಂದಳು ವಚನಾ.

ಗುರವ್ವಜ್ಜಿ ಬೇಳೆ ಆರಿಸುವುದನ್ನು ನಿಲ್ಲಿಸಿದರು. "ಯಾರಿಗವ್ವಾ?"

ವಚನಾ ನಾಲಿಗೆ ಕಚ್ಚಿಕೊಂಡಳು. ಅದು ಸೀಕ್ರೆಟ್. 'ಮನೇಲಿ ಹೇಳ್ಬೇಡ, ಒಬ್ಳೇ ಬಾ, ಸರ್‌ಪ್ರೈಸ್ ಇದೆ' ಎಂದು ಪಿಂಕಿ ಮತ್ತೆ ಮತ್ತೆ ಟೈಪ್ ಮಾಡಿದ್ದಳು. ಆದರೆ ಮೊದಲ ಸಲ ಭೇಟಿಯಾಗುವವರ ಹತ್ತಿರ ಬರಿಗೈಲಿ ಹೋಗುವುದು ವಚನಾಳ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಾಣೆಬೆನ್ನೂರಿನಿಂದ ಚಂದ್ರಾ ಲೇಔಟಿಗೆ ಬಂದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

"ನನ್ನ ಫ್ರೆಂಡ್ ಪಿಂಕಿಗೆ. ಬ್ರೌಸಿಂಗ್ ಸೆಂಟರಲ್ಲಿ ಚಾಟ್ ಮಾಡ್ತೀನಲ್ಲ, ಅವ್ಳು. ನಾಳೆ ಪಾರ್ಕ್ ಹತ್ರ ಬರ್ತಾಳೆ. ಅಮ್ಮಂಗೆ ಹೇಳ್ಬೇಡ!"

"ಯಾರ ಪೈಕಿ ಆಕಿ?"

"ಗೊತ್ತಿಲ್ಲ."

"ಯಾವೂರವರು?"

"ಗೊತ್ತಿಲ್ಲ."

"ಮನಿದೇವ್ರು?"

"ಅಜ್ಜೀ! ಚಾಟಲ್ಲಿ ಅದನ್ನೆಲ್ಲ ಯಾರೂ ಕೇಳಲ್ಲ!"

"ಮಾರಿ ನೋಡೀಯೇನು?"

"ಮುಖ ನೋಡಿಲ್ಲ. ಆದ್ರೆ ಅವ್ಳಿಗೂ ಹತ್ತು ವರ್ಷ. ರೆಡ್ ಕ್ಯಾಪ್ ಹಾಕ್ಕೊಂಡು ಬರ್ತಾಳೆ."

"ಆತು," ಎಂದರು ಅಜ್ಜಿ. "ಉಳಿದದ್ದು ನಾನ ಕೇಳ್ತೀನಿ."

ಮರುದಿನ ಹೋಳಿಗೆಯ ಘಮ ಮಹಡಿ ಹತ್ತಿತು. ಮೇಲಿನ ಮನೆಯ ಜಗದಾಂಬಾ ಆಂಟಿ ಕೆಳಗಿಳಿದು ಬಂದರು. ಅಮ್ಮನಿಗೂ ವಿಷಯ ತಿಳಿಯಿತು. "ಎಲ್ಲಿಗೂ ಹೋಗೋದು ಬೇಡ," ಎಂದು ಅಮ್ಮ ರೇಗಿದರು.

"ಕಟ್ಟಿದ ಹೋಳಿಗಿ ಬಿಚ್ಚೂದೇನು? ಎಲ್ಲಾರೂ ಹೋಗೂಣು," ಎಂದರು ಅಜ್ಜಿ.

ಹೀಗೆ ಒಬ್ಬಳೇ ಹೋಗಬೇಕಾಗಿದ್ದ ವಚನಾ ಮೆರವಣಿಗೆಯಲ್ಲಿ ಹೋದಳು. ಮುಂದೆ ಹೋಳಿಗೆ ಡಬ್ಬಿ ಹಿಡಿದ ಅಜ್ಜಿ, ಹಿಂದೆ ತುಪ್ಪದ ಗಿಂಡಿ ಹಿಡಿದ ಅಮ್ಮ, ಕೊನೆಯಲ್ಲಿ ಚಾಪೆ ಸುತ್ತಿಕೊಂಡ ಜಗದಾಂಬಾ ಆಂಟಿ. ಪಿಂಕಿ ಖಂಡಿತ ಟೂ ಬಿಡುತ್ತಾಳೆ ಎಂದು ವಚನಾಗೆ ಅಳು ಬರುವಂತಾಯಿತು.

ಪಾರ್ಕಿನ ಗೇಟಿನ ಹತ್ತಿರ ಕೆಂಪು ಕ್ಯಾಪ್ ಇತ್ತು. ಆದರೆ ಅದು ಇದ್ದದ್ದು ಬೈಕಿಗೆ ಒರಗಿ ನಿಂತ ಒಬ್ಬ ಮೀಸೆಯ ಮನುಷ್ಯನ ತಲೆಯ ಮೇಲೆ.

"ಏ ತಮ್ಮಾ, ನೀ ಪಿಂಕಿ ಮನಿಯವನೇನು?" ಅಜ್ಜಿ ಕೂಗಿದರು.

ಅವನು ಬೆಚ್ಚಿಬಿದ್ದ. "ಹಾಂ... ಹೌದು ಅಜ್ಜಿ. ಅವಳ ಅಂಕಲ್. ಅವಳಿಗೆ ಜ್ವರ. ಫ್ರೆಂಡನ್ನ ಮನೆಗೇ ಕರ್ಕೊಂಡು ಬಾ ಅಂದ್ಲು."

"ಅಯ್ಯೋ ಕೂಸ! ಜ್ವರ ಬಂದೈತೇನು? ಹಂಗಾರ ನಾವೆಲ್ಲಾ ಬರ್ತೀವಿ, ನಡಿ."

"ಎಲ್ರೂನಾ? ಬೈಕಲ್ಲಾ?"

"ನಂಗೆ ಹಿಂದಿನ ಸೀಟು," ಎಂದು ಜಗದಾಂಬಾ ಆಂಟಿ ಚಾಪೆಯನ್ನು ಬೈಕಿನ ಮೇಲೆ ಇಟ್ಟೇಬಿಟ್ಟರು.

ಅಜ್ಜಿ ಅವನ ಕೈಗೆ ಹೋಳಿಗೆ ಕೊಟ್ಟರು. "ಮೊದಲ ತಿನ್ನು. ಯಾವೂರು ನಿಮ್ಮದು? ಪಿಂಕಿ ಅವ್ವನ ಹೆಸರೇನು? ಯಾವ ಸಾಲಿ ಆಕಿದು? ಮನಿದೇವ್ರು ಯಾವುದು?"

ಅವನ ಹಣೆಯ ಮೇಲೆ ಬೆವರು ಇಳಿಯಿತು. "ನೋಡಿ ಅಜ್ಜಿ, ನಿಮ್ಮ ಜಿರಾಫೆ ಒಬ್ಳೇ ಬರ್ತೀನಿ ಅಂದಿದ್ಲು," ಎಂದ.

"ಯಾವ ಜಿರಾಫಿ?" ಅಜ್ಜಿ ಅತ್ತಿತ್ತ ನೋಡಿದರು.

ವಚನಾ ತಲೆ ಎತ್ತಿ ಅವನನ್ನೇ ನೋಡಿದಳು. ಜಿರಾಫೆ ಎನ್ನುವುದು ಅವಳು ಚಾಟಿನಲ್ಲಿ ಇಟ್ಟುಕೊಂಡಿದ್ದ ಹೆಸರು. ಮನೆಯಲ್ಲಾಗಲಿ ಸ್ಕೂಲಲ್ಲಾಗಲಿ ಅದು ಯಾರಿಗೂ ಗೊತ್ತಿರಲಿಲ್ಲ. ಪಿಂಕಿ ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ಗಾಡ್ ಪ್ರಾಮಿಸ್ ಮಾಡಿದ್ದಳು. ಅಮ್ಮ ಯಾವಾಗ ಮನೆಯಲ್ಲಿರಲ್ಲ, ಯಾವ ರೋಡಲ್ಲಿ ಸ್ಕೂಲಿಗೆ ಹೋಗ್ತೀಯಾ ಎಂದೆಲ್ಲ ಕೇಳುತ್ತಿದ್ದಳು. ತನ್ನ ಬಗ್ಗೆ ಏನೂ ಹೇಳಿರಲಿಲ್ಲ.

ವಚನಾ ಅಜ್ಜಿಯ ಸೆರಗು ಹಿಡಿದು ಅವರ ಹಿಂದೆ ಸರಿದಳು. "ಅಮ್ಮಾ, ಇವ್ನೇ ಪಿಂಕಿ," ಎಂದಳು ಮೆಲ್ಲಗೆ.

ಅಮ್ಮ ತುಪ್ಪದ ಗಿಂಡಿ ಎತ್ತಿದ್ದನ್ನು ಕಂಡದ್ದೇ ತಡ, ಅವನು ಬೈಕ್ ಹತ್ತಿ ಓಡಿದ. ಹೋಳಿಗೆ ಅವನ ಬಾಯಲ್ಲೇ ಇತ್ತು. ಆಂಟಿಯ ಚಾಪೆ ಸ್ವಲ್ಪ ದೂರ ಜೊತೆಗೆ ಹೋಗಿ ರಸ್ತೆಯಲ್ಲಿ ಬಿಚ್ಚಿಕೊಂಡಿತು. ನಂಬರ್ ಪ್ಲೇಟಿನ ತುಂಬ ಕೆಸರಿತ್ತು.

ಅಪ್ಪ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬಂದರು. ಸಂಜೆ ವಚನಾ ಅಜ್ಜಿಯ ಪಕ್ಕ ಕೂತು, ಪಿಂಕಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಅಜ್ಜಿ ಬೈಯಲಿಲ್ಲ. ಉಳಿದಿದ್ದ ಹೋಳಿಗೆಗೆ ತುಪ್ಪ ಹಾಕಿ ಅವಳ ಮುಂದಿಟ್ಟರು.

"ಅಜ್ಜೀ, ನಿಂಗೆ ಮೊದ್ಲೇ ಗೊತ್ತಿತ್ತಾ?"

"ತಿನ್ನು, ಆರ್ತೈತಿ," ಎಂದರು ಅಜ್ಜಿ.

ಅವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಜ್ಜಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.